ಸೂಜಿತೂತಿನ ನೀರು

ಓಬೋ ಮೂರನೆಯ ಸಲ ವಾಪಸ್ಸು ಬಂದದ್ದು ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ. ಈ ಸಲ ಅದರ ವಾದಕಿಯ ಹಿಂದೆಯೇ ವಾದ್ಯವೃಂದದ ಮ್ಯಾನೇಜರೂ ಬಂದಿದ್ದರು.

ಹನ್ನೊಂದು ವರ್ಷದಲ್ಲಿ ಅವರು ವಾದ್ಯ ರಿಪೇರಿಯ ಈ ಅಂಗಡಿಗೆ ಕಾಲಿಟ್ಟದ್ದು ಇದೇ ಮೊದಲು. ನೋಡಿದ ಕೂಡಲೇ ಮೇಸ್ತ್ರಿ ಕೈಲಿದ್ದ ಕೆಲಸ ಬಿಟ್ಟು ಎದ್ದ. ಒಳ್ಳೆಯ ಸುದ್ದಿ ಹೇಳಲು ಯಾರೂ ಏದುಸಿರು ಬಿಡುತ್ತಾ ಮೂರು ಮಹಡಿ ಹತ್ತಿ ಬರುವುದಿಲ್ಲ.

"ಊದಿ ತೋರಿಸಿ," ಎಂದರು ಮ್ಯಾನೇಜರು, ಕುರ್ಚಿ ಎಳೆದುಕೊಟ್ಟರೂ ಕೂರದೆ. "ನನ್ನ ಕಣ್ಣೆದುರಿಗೇ ಆಗಲಿ."

ವಾದಕಿ ಪೆಟ್ಟಿಗೆ ತೆರೆದಳು. ವೃಂದದ ಮೊದಲ ಓಬೋ ಅವಳದು; ಇಪ್ಪತ್ತೆರಡು ವರ್ಷದಿಂದ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂತಿಲ್ಲ. ಕಪ್ಪು ಮರದ ಮೂರು ತುಂಡು, ಮೈತುಂಬ ಬೆಳ್ಳಿ ಬಣ್ಣದ ಕಡ್ಡಿ ಮತ್ತು ಮುಚ್ಚಳಗಳು, ತುದಿಗೆ ಜೊಂಡಿನ ಎರಡು ತೆಳು ಸೀಳು ಕಟ್ಟಿದ ರೀಡು. ಜೋಡಿಸಿದಳು. ರೀಡನ್ನು ತುಟಿಯ ನಡುವೆ ನೆನೆಸಿದಳು. ಊದಿದಳು.

ಐದು ನಿಮಿಷ ಎಲ್ಲ ಸರಿಯಾಗಿತ್ತು. ಆರನೆಯ ನಿಮಿಷದಲ್ಲಿ ಒಂದು ಮೇಲಿನ ಸ್ವರ ಹಿಡಿದಾಗ ಒಳಗೆಲ್ಲೋ ಗೊಳಕ್ ಎಂದಿತು. ಆಮೇಲೆ ಗೊಳಗೊಳ—ಯಾರೋ ಗಂಟಲಲ್ಲಿ ನೀರು ಮುಕ್ಕಳಿಸುವ ಹಾಗೆ. ವಾದಕಿ ಊದುವುದನ್ನು ನಿಲ್ಲಿಸಿ, ಎಡ ಹೆಬ್ಬೆರಳಿನ ಮೇಲ್ಗಡೆಯ ಪುಟ್ಟ ಮುಚ್ಚಳವನ್ನು ಎತ್ತಿ ಹಿಡಿದಳು. ಅದರಡಿ ಸೂಜಿಮೊನೆಯಷ್ಟು ತೂತು. ತೂತಿನ ಬಾಯಲ್ಲಿ ಒಂದು ಗುಳ್ಳೆ ಎದ್ದು ನಿಂತಿತ್ತು.

"ನೋಡಿದಿರಾ?" ಅವಳ ಮುಖ ಕೆಂಪಾಗಿತ್ತು. "ಬಿರುಕು ಮುಚ್ಚಿ ಕೊಟ್ಟ ಮೇಲೇ ಹೀಗೆ. ಮುಂಚೆ ಇರಲಿಲ್ಲ."

ಮೇಸ್ತ್ರಿ ಬಗ್ಗಿ ತೂತನ್ನು ನೋಡಿದ. ಏನು ಹೇಳುವುದು? ಹದಿನೈದು ದಿನದ ಹಿಂದೆ, ಮಂಗಳವಾರ, ಈ ಓಬೋವನ್ನು ಅವನೇ ಅವಳ ಕೈಗೆ ಕೊಟ್ಟಿದ್ದ. ಮೇಲಿನ ತುಂಡಿನಲ್ಲಿ ಕೂದಲೆಳೆಯಂಥ ಬಿರುಕಿತ್ತು, ಮುಚ್ಚಿದ್ದ. ಮುಚ್ಚಳಗಳಡಿಯ ಸವೆದ ಬೆಂಡುಗಳನ್ನು ತೆಗೆದು ಹೊಸದು ಕೂರಿಸಿದ್ದ. ಒಳಗೋಡೆ ತೊಳೆದು ಎಣ್ಣೆ ಸವರಿದ್ದ. ಆ ಶನಿವಾರ ಸಂಗೀತ ಕಛೇರಿ. ಉಳಿದ ಐವತ್ತು ವಾದ್ಯಗಳೂ ಸುಮ್ಮನಾಗಿ ಅವಳೊಬ್ಬಳೇ ನುಡಿಸಬೇಕಾದ ಜಾಗ ಬಂತು. ಸಾವಿರ ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಸ್ವರ ಒಡೆಯಿತು. ಮತ್ತೆ ಹಿಡಿದಳು; ಮತ್ತೆ ಒಡೆಯಿತು. ಎರಡು ದಿನ ಬಿಟ್ಟು ಪತ್ರಿಕೆಯಲ್ಲಿ ಎರಡೇ ಸಾಲು ಬಂದಿತ್ತು. ಎರಡು ಸಾಲು ಸಾಕಾಗಿತ್ತು.

"ಶನಿವಾರ ಸಮಿತಿ ಸೇರುತ್ತೆ," ಎಂದರು ಮ್ಯಾನೇಜರು. "ಅಷ್ಟರೊಳಗೆ ಇದು ಸರಿಹೋಗಲಿಲ್ಲ ಅಂದ್ರೆ ನಮ್ಮ ವಾದ್ಯಗಳೆಲ್ಲ ಬೇರೆ ಕಡೆ ಹೋಗುತ್ತವೆ. ಬೇಜಾರು ಮಾಡ್ಕೋಬೇಡಿ ಮೇಸ್ತ್ರಿ. ವಯಸ್ಸು ಯಾರನ್ನೂ ಬಿಡೋದಿಲ್ಲ."

ಕೊನೆಯ ಮಾತು ಗಾಯದ ಮೇಲೆ ಎಳೆದ ಬರೆಯಂತಿತ್ತು. ಮೇಸ್ತ್ರಿ ತಲೆ ತಗ್ಗಿಸಿ, ಒರೆಸುವ ಬಟ್ಟೆಗೆ ಕೈ ಚಾಚಿದ.

"ಒರೆಸಬೇಡ!"

ಎಲ್ಲರೂ ತಿರುಗಿದರು. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ, ಕಾಫಿ ಲೋಟ ಹಿಡಿದು, ಮೇಸ್ತ್ರಿಯ ಅಕ್ಕ ಕೂತಿದ್ದಳು. ವಾರಕ್ಕೊಮ್ಮೆ ತಮ್ಮನನ್ನು ನೋಡಲು ಬರುವ ರೂಢಿ. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತು ವರ್ಷ ಸೋರಿಕೆ ಹುಡುಕುವುದೇ ಅವಳ ಕೆಲಸವಾಗಿತ್ತು. ನೆಲದಡಿ ಎಲ್ಲಿ ಪೈಪು ಒಡೆದಿದೆ, ಯಾವ ಮನೆಯವರು ಕದ್ದು ಕೊಳಾಯಿ ಹಾಕಿಸಿಕೊಂಡಿದ್ದಾರೆ—ರಸ್ತೆಯ ಮೇಲೆ ನಡೆದುಕೊಂಡೇ ಹೇಳುತ್ತಿದ್ದಳಂತೆ. ಕಚೇರಿಯವರು ಇಟ್ಟ ಹೆಸರು ಸೋರಿಕೆ ಮೇಡಂ. ಸಂಗೀತದ ಗಂಧಗಾಳಿ ಇಲ್ಲ.

"ಇವರು ಯಾರು?" ಎಂದರು ಮ್ಯಾನೇಜರು.

"ನೀರಿನವಳು," ಎಂದಳು ಅಕ್ಕ. ಎದ್ದು ಬಂದು, ಕನ್ನಡಕ ಏರಿಸಿ, ಬಗ್ಗಿ ನೋಡಿದಳು. ಗುಳ್ಳೆಯನ್ನೇ ನೋಡುತ್ತಾ ತುಟಿ ಅಲ್ಲಾಡಿಸುತ್ತಿದ್ದಳು. ಏನನ್ನೋ ಎಣಿಸುತ್ತಿದ್ದಂತಿತ್ತು. ಆಮೇಲೆ ಮೇಜಿನ ಮೇಲಿದ್ದ ತೆಳು ಕಾಗದದ ಚೂರೊಂದನ್ನು ತೂತಿಗೆ ಒತ್ತಿ, ನೀರು ಹೀರಿಸಿ, ಮಡಚಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡಳು.

"ಈಗ ಒರೆಸು. ನೀನು ಯಾವತ್ತೂ ಹೇಗೆ ಮಾಡ್ತೀಯೋ ಹಾಗೇ."

ಮೇಸ್ತ್ರಿ ಉಗುರುಬೆಚ್ಚಗಿನ ನೀರಲ್ಲಿ ಹಿಂಡಿದ ಬಟ್ಟೆಯನ್ನು ಒಳಗೆ ಎಳೆದ. ಆಮೇಲೆ ಒಣ ರೇಷ್ಮೆ. ಆಮೇಲೆ ಎಣ್ಣೆ ಅದ್ದಿದ ಹಕ್ಕಿಯ ಗರಿ. ಸ್ವಲ್ಪ ಹೊತ್ತು ಬಿಟ್ಟು ವಾದಕಿಯ ಕೈಗೆ ಕೊಟ್ಟ. ವಾದಕಿ ಊದಿದಳು. ಹತ್ತು ನಿಮಿಷ. ಇಪ್ಪತ್ತು. ಮೇಲಿನ ಸ್ವರಗಳನ್ನೇ ಮತ್ತೆ ಮತ್ತೆ ಹಿಡಿಸಿದಳು ಅಕ್ಕ. ಗೊಳಗೊಳ ಇಲ್ಲ. ವಾದ್ಯದ ಕೆಳತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು—ಎಲ್ಲ ಓಬೋದಲ್ಲೂ ಆಗುವ ಹಾಗೆ.

"ಇಲ್ಲಿ ಸರಿಯಾಗೇ ಇರುತ್ತೆ," ಎಂದಳು ವಾದಕಿ ಬೇಸರದಿಂದ. "ಮನೆಗೆ ಹೋಗ್ತಿದ್ದ ಹಾಗೇ ಶುರು."

"ಪೆಟ್ಟಿಗೆ ಎಲ್ಲಿಡ್ತೀರಿ?" ಅಕ್ಕ ಕೇಳಿದಳು.

"ನನ್ನ ಹತ್ತಿರವೇ."

"ತಾಲೀಮಿನ ಕೋಣೆಯಲ್ಲಿ?"

"ಕಾಲ ಪಕ್ಕದಲ್ಲಿ."

"ಮನೆಯಲ್ಲಿ?"

"ಮನೆಯಲ್ಲಿ ನಾನೊಬ್ಬಳೇ."

"ಬೇರೆ ಯಾರಾದರೂ ಮುಟ್ತಾರಾ? ಪಕ್ಕದ ಕುರ್ಚಿಯವರು?"

"ಯಾರೂ ಮುಟ್ಟಲ್ಲ!" ವಾದಕಿಯ ದನಿ ಗಡುಸಾಯಿತು. "ಮುಟ್ಟಿದ್ದು ಇವರೊಬ್ಬರೇ."

ಮ್ಯಾನೇಜರು ಕೈಚೆಲ್ಲಿದರು. "ಹಾಗಾದ್ರೆ ತಪ್ಪು ಯಾರದು ಅನ್ನೋದು ಗೊತ್ತಾಯ್ತಲ್ಲ."

ಓಬೋವನ್ನು ಶುಕ್ರವಾರದವರೆಗೆ ಬಿಟ್ಟುಹೋಗಲು ವಾದಕಿ ಒಪ್ಪಿದಳು. ಅಲ್ಲಿಯವರೆಗೆ ಮನೆಯಲ್ಲಿರುವ ಹಳೆಯದನ್ನು ನುಡಿಸುತ್ತೇನೆ ಎಂದಳು. ಅವರಿಬ್ಬರ ಹೆಜ್ಜೆಯ ಸದ್ದು ಮೆಟ್ಟಿಲ ಕೆಳಗೆ ಅಡಗಿತು.

"ಅಕ್ಕ," ಎಂದ ಮೇಸ್ತ್ರಿ ಕೊನೆಗೆ, "ನಾನೇ ಇರಬಹುದು."

"ಏನು ನೀನೇ?"

"ಬಿರುಕಿಗೆ ಅಂಟು ಹಾಕ್ತಿದ್ದಾಗ ಫೋನ್ ಬಂತು. ಎದ್ದು ಹೋದೆ. ಎರಡೇ ನಿಮಿಷ. ಅಷ್ಟರಲ್ಲಿ ಅಂಟು ಗಟ್ಟಿಯಾಗಿತ್ತೋ ಏನೋ. ಕಣ್ಣೂ ಮೊದಲಿನ ಹಾಗಿಲ್ಲ. ದಿನಾ ಬೆಳಿಗ್ಗೆ ಬಂದ ತಕ್ಷಣ ಅತಿ ಸಣ್ಣ ಸೂಜಿಗೆ ದಾರ ಪೋಣಿಸಿ ನೋಡ್ತೀನಿ. ಮೊನ್ನೆ ನಾಲ್ಕು ಸಲ ತಪ್ಪಿತು."

ಈ ವಿಷಯವನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಇಬ್ಬರು ಹಳೆಯ ಗಿರಾಕಿಗಳು ತಮ್ಮ ವಾದ್ಯಗಳನ್ನು ಮುಟ್ಟಿಸದೆಯೇ ವಾಪಸ್ಸು ತೆಗೆದುಕೊಂಡು ಹೋದದ್ದನ್ನೂ ಹೇಳಿರಲಿಲ್ಲ. ಹನ್ನೊಂದು ದಿನದಿಂದ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ; ಹಲ್ಲು ನೋವು ಎಂದು ಸುಳ್ಳು ಹೇಳುತ್ತಿದ್ದ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ," ಎಂದಳು ಅಕ್ಕ. "ನೀನು ಕದಿಯದೇನೇ ಮುಟ್ಟಿ ನೋಡ್ಕೊಳ್ತಿದ್ದೀಯ. ಆ ಬಿರುಕು ಈ ಸೂಜಿತೂತಿನ ಪಕ್ಕದಲ್ಲೇ ಇದೆಯಾ?"

"ಇಲ್ಲ. ಆಚೆ ಮಗ್ಗುಲಲ್ಲಿ."

"ಮತ್ತೆ? ಸರಿ, ಹೇಳು. ಮೂರು ಸಲ ವಾಪಸ್ಸು ಬಂತು ಅಂದೆ. ಮೊದಲ ಸಲ ಯಾವತ್ತು?"

"ಕಛೇರಿ ಆದ ಸೋಮವಾರ."

"ಒಳಗೆ ನೀರಿತ್ತಾ?"

"ಚೂರೂ ಇರಲಿಲ್ಲ. ಇಲ್ಲೇ ಊದಿದಳು, ಅರ್ಧ ಗಂಟೆ. ಏನೂ ಆಗಲಿಲ್ಲ. ವಾದ್ಯದಲ್ಲಿ ದೋಷ ಇಲ್ಲಮ್ಮ ಅಂತ ಹೇಳಿ ಕಳಿಸಿದೆ."

"ಎರಡನೇ ಸಲ?"

"ಅದೇ ಶುಕ್ರವಾರ. ಆಗ ನೀರಿತ್ತು. ಪೆಟ್ಟಿಗೆ ತೆರೆದಾಗಲೇ ಆ ತೂತು ಕಟ್ಕೊಂಡಿತ್ತು. ಒರೆಸಿ ಇಟ್ಟೆ, ಬೆಂಡೆಲ್ಲ ಬಿಚ್ಚಿ ನೋಡಿದೆ, ತೂತೆಲ್ಲ ಮುಚ್ಚಿ ಗಾಳಿ ಹಿಡಿದು ನೋಡಿದೆ. ಸೋರಿಕೆ ಸಿಗಲಿಲ್ಲ."

"ಬಂದ ಕೂಡಲೇ ಒರೆಸಿದೆ?"

"ಒರೆಸದೆ ಹೇಗೆ ಕೆಲಸ ಮಾಡೋದು? ಯಾವ ವಾದ್ಯ ಬಂದ್ರೂ ಮೊದಲು ಅದೇ."

ಅಕ್ಕ ಹೂಂ ಎಂದಳು. ಆಮೇಲೆ ಎಲ್ಲಿಗೋ ಹಾರಿದಂತೆ ಕೇಳಿದಳು—"ಅದಕ್ಕೂ ಮುಂಚೆ? ಈ ಬಿರುಕು ಬರೋದಕ್ಕೆ ಮುಂಚೆ ಆಕೆ ಯಾವಾಗ ಬಂದಿದ್ದಳು?"

ಮೇಸ್ತ್ರಿ ಕೆಲಸದ ಪುಸ್ತಕ ತೆಗೆದು ಹಾಳೆ ತಿರುವಿದ. ಏಳು ತಿಂಗಳಲ್ಲಿ ಮೂರು ಸಲ. ಒಮ್ಮೆ ಒಂದು ಕಡ್ಡಿಯ ಸ್ಪ್ರಿಂಗ್ ಬಿಗಿಯಾಗಿದೆ ಎಂದಿದ್ದಳು. ಒಮ್ಮೆ ಅದೇ ಸಡಿಲವಾಯಿತು ಎಂದಿದ್ದಳು. ಇನ್ನೊಮ್ಮೆ ಅದರ ಉಂಗುರ ಜಾರುತ್ತದೆ ಎಂದಿದ್ದಳು.

"ಮೂರೂ ಒಂದೇ ಕಡ್ಡೀದಾ?"

"ಹೌದು. ಎಡಗೈ ಮೂರನೇ ತೂತಿನದು. ನಿಜ ಹೇಳ್ಬೇಕಂದ್ರೆ ಅದರಲ್ಲಿ ಏನೂ ಇರಲಿಲ್ಲ. ಅವಳ ಸಮಾಧಾನಕ್ಕೆ ಅಂತ ಬದಲಾಯಿಸಿ ಕೊಟ್ಟೆ. ಅದಕ್ಕೂ ನೀರಿಗೂ ಏನು ಸಂಬಂಧ?"

"ಏನೂ ಇಲ್ಲ," ಎಂದಳು ಅಕ್ಕ. ಸ್ಟೂಲಿನ ಮೇಲೆ ಮತ್ತೆ ಕೂತು ಆರಿದ ಕಾಫಿಯನ್ನೇ ಕುಡಿದಳು. "ನಾಳೆ ಆ ಪಕ್ಕದ ಕುರ್ಚಿಯವಳನ್ನು ನೋಡಬೇಕು."

ಎರಡನೆಯ ಓಬೋ ನುಡಿಸುವವಳು ಮೂವತ್ತು ದಾಟದ ಹೆಂಗಸು. ಗುರುವಾರ ಮಧ್ಯಾಹ್ನ ತಾಲೀಮು ಮುಗಿದ ಮೇಲೆ ಸಿಕ್ಕಳು. ಉದ್ದನೆಯ ಕೋಣೆ; ಖಾಲಿ ಕುರ್ಚಿಗಳ ಅರ್ಧಚಂದ್ರ; ಒಬ್ಬ ಕೆಲಸದವನು ಹಾಳೆ ಇಡುವ ಕಬ್ಬಿಣದ ಸ್ಟ್ಯಾಂಡುಗಳನ್ನು ಮೂಲೆಗೆ ಎಳೆಯುತ್ತಿದ್ದ. ಮೇಸ್ತ್ರಿಗೆ ದಾರಿಯುದ್ದಕ್ಕೂ ಒಂದೇ ಯೋಚನೆ—ಮೊದಲ ಕುರ್ಚಿ ಖಾಲಿಯಾದರೆ ಲಾಭ ಯಾರಿಗೆ? ಇವಳಿಗಲ್ಲದೆ ಇನ್ಯಾರಿಗೆ?

ಅವಳಿಗೂ ಅದು ತಿಳಿದಿತ್ತು. "ನನ್ನ ಮೇಲೆ ಅನುಮಾನ ಅಲ್ವಾ?" ಎಂದಳು ನೇರವಾಗಿ. "ಎಲ್ಲರೂ ಹಾಗೇ ನೋಡ್ತಾರೆ. ಯಾರೂ ಬಾಯಿಬಿಟ್ಟು ಹೇಳಲ್ಲ, ಅಷ್ಟೆ."

"ನೀನು ಮುಟ್ಟಿದ್ದೀಯಾ?" ಅಕ್ಕ ಕೇಳಿದಳು.

"ಇಲ್ಲ."

"ಕಛೇರಿ ಆದ ವಾರ ಎಲ್ಲಿದ್ದೆ?"

"ಹಾಸಿಗೇಲಿ. ಭಾನುವಾರ ಜ್ವರ ಹಿಡೀತು. ಮುಂದಿನ ಶನಿವಾರದವರೆಗೂ ಮನೆ ಬಿಟ್ಟು ಹೊರಗೆ ಬರಲಿಲ್ಲ. ಬೇಕಾದ್ರೆ ಮ್ಯಾನೇಜರನ್ನ ಕೇಳಿ, ರಜೆ ಚೀಟಿ ಅವರ ಹತ್ತಿರವೇ ಇದೆ."

ಮೇಸ್ತ್ರಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸೋಮವಾರ ಓಬೋ ಒಣಗಿತ್ತು. ಶುಕ್ರವಾರ ನೀರು ಬಂದಿತ್ತು. ಆ ನಾಲ್ಕು ದಿನವೂ ಇವಳು ಅಲ್ಲಿರಲಿಲ್ಲ. ಅವನಿಗೆ ಒಂದು ಕ್ಷಣ ನಿರಾಸೆಯಾಯಿತು; ಮರುಕ್ಷಣ ಆ ನಿರಾಸೆಗೆ ತಾನೇ ನಾಚಿದ. ತನ್ನ ಹೆಸರು ಉಳಿಯಲಿ ಅಂತ ಇನ್ನೊಬ್ಬರ ಹೆಸರು ಹೋಗಲಿ ಎಂದು ಹಾರೈಸಿದನೇ?

"ಇನ್ನೊಂದೇ ಪ್ರಶ್ನೆ," ಎಂದಳು ಅಕ್ಕ. "ಅವತ್ತು ಕಛೇರಿಯಲ್ಲಿ ಒಡೆದದ್ದು ಯಾವ ಸ್ವರ?"

ಹೆಂಗಸು ಸ್ಟ್ಯಾಂಡು ಎಳೆಯುತ್ತಿದ್ದವನ ಕಡೆ ಒಮ್ಮೆ ತಿರುಗಿ ನೋಡಿದಳು. 

"ಯಾಕೆ ಕೇಳ್ತೀರಿ?"

"ನೀನು ಪಕ್ಕದಲ್ಲಿದ್ದೆ. ನಿನಗಿಂತ ಚೆನ್ನಾಗಿ ಯಾರು ಕೇಳಿರ್ತಾರೆ?"

"ಅವರು ನನಗೆ ಅಕ್ಕನ ಹಾಗೆ," ಎಂದಳು ಅವಳು. "ಬಂದ ಹೊಸತರಲ್ಲಿ ರೀಡು ಕಟ್ಟೋದು ಹೇಗೆ ಅಂತ ಕೂರಿಸಿಕೊಂಡು ಹೇಳಿಕೊಟ್ಟವರು..." ಮಾತು ಅಲ್ಲಿಗೇ ನಿಂತಿತು. ಆಮೇಲೆ, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ, ಒಂದು ಸ್ವರ ಗುನುಗಿದಳು.

ಕೆಳಗಿನ ಸ್ವರ. ಮೂರು ಬೆರಳು ಮುಚ್ಚಿ ಊದುವಂಥದು.

 "ಆದರೆ ಆ ಸ್ವರಕ್ಕೆ—" ಎಂದು ಮೇಸ್ತ್ರಿ ಬಾಯಿ ತೆರೆದ. ಅಕ್ಕ ಅವನ ತೋಳು ಹಿಡಿದು ಅದುಮಿದಳು. ಮೆಟ್ಟಿಲು ಇಳಿಯುವಾಗ ಇಷ್ಟೇ ಹೇಳಿದಳು: "ನಾಳೆ ಮೊದಲ ಕುರ್ಚಿಯವಳೊಬ್ಬಳನ್ನೇ ಕರಿ. ಮ್ಯಾನೇಜರು ಬೇಡ."

ಶುಕ್ರವಾರ ಹನ್ನೊಂದಕ್ಕೆ ವಾದಕಿ ಬಂದಳು. ಅಂಗಡಿಯ ಬಾಗಿಲಿಗೆ 'ಮುಚ್ಚಿದೆ' ಎಂಬ ಫಲಕ ತಿರುಗಿಸಿ ಅಕ್ಕ ಅವಳೆದುರು ಕೂತಳು. ಮೇಜಿನ ಮೇಲೆ ಓಬೋ. ಪಕ್ಕದಲ್ಲಿ ಒಂದು ಗಾಜಿನ ಲೋಟ, ಅದರ ತಳದಲ್ಲಿ ಎರಡು ಚಮಚ ನೀರು.

"ಕಾರಣ ಸಿಕ್ತಾ?" ವಾದಕಿ ಕೇಳಿದಳು.

"ಸಿಕ್ತು. ನನ್ನ ತಮ್ಮ ಹದಿಮೂರು ದಿನ ನೀರು ಎಲ್ಲಿಂದ ಬರುತ್ತೆ ಅಂತ ಹುಡುಕಿದ. ಅದು ಹುಡುಕಬೇಕಾದ್ದೇ ಅಲ್ಲ. ನೀರು ಉಸಿರಲ್ಲೇ ಇದೆ. ಬೆಚ್ಚಗಿನ ಉಸಿರು ತಣ್ಣನೆ ಮರಕ್ಕೆ ತಾಗಿದ್ರೆ ನೀರಾಗುತ್ತೆ. ಎಲ್ಲರ ಓಬೋದಲ್ಲೂ ಇರುತ್ತೆ, ಎಣ್ಣೆ ಸವರಿದ ಗೋಡೆ ಮೇಲೆ ಜಾರಿಕೊಂಡು ಕೆಳಗೆ ಹೋಗುತ್ತೆ. ಕೇಳಬೇಕಾದ ಪ್ರಶ್ನೆ ಬೇರೆ—ನಿಮ್ಮದರಲ್ಲಿ ಮಾತ್ರ ಅದು ದಾರಿ ಬಿಟ್ಟು ಆ ಸೂಜಿತೂತಿಗೆ ಯಾಕೆ ನುಗ್ಗುತ್ತೆ?"

"ರಿಪೇರಿ ಸರಿಯಾಗಿಲ್ಲ, ಅದಕ್ಕೆ."

"ರಿಪೇರಿ ಸರಿಯಿಲ್ಲದಿದ್ರೆ ಒರೆಸಿದ ಮೇಲೂ ನುಗ್ಗಬೇಕಿತ್ತು. ಬುಧವಾರ ನೀವೇ ಊದಿದಿರಲ್ಲ? ಒರೆಸೋಕ್ಕೆ ಮುಂಚೆ ಆರು ನಿಮಿಷಕ್ಕೆ ಕಟ್ಕೊಂಡಿತು. ಒರೆಸಿದ ಮೇಲೆ ಇಪ್ಪತ್ತು ನಿಮಿಷ ಆದ್ರೂ ಇಲ್ಲ. ಅಂದ್ರೆ ಒರೆಸಿದಾಗ ಏನೋ ಹೋಯ್ತು. ಇವನು ಪಾಪ, ವಾದ್ಯ ಕೈಗೆ ಬಂದ ಕೂಡಲೇ ಒರೆಸೋನು—ಪ್ರತಿ ಸಲವೂ ಸಾಕ್ಷೀನ ತಾನೇ ಅಳಿಸಿಹಾಕಿ, ಆಮೇಲೆ ಭೂತಗನ್ನಡಿ ಹಿಡ್ಕೊಂಡು ಹುಡುಕ್ತಿದ್ದ."

ಮೇಸ್ತ್ರಿ ಕಣ್ಣು ಕೆಳಗೆ ಹಾಕಿದ.

ಅಕ್ಕ ಕನ್ನಡಕದ ಡಬ್ಬಿಯಿಂದ ಆ ಕಾಗದದ ಚೂರು ತೆಗೆದಳು. ಒಣಗಿ ಸೆಟೆದಿತ್ತು. ಲೋಟದ ನೀರಿಗೆ ಹಾಕಿ ಬೆರಳಿನಿಂದ ಉಜ್ಜಿದಳು. ನೀರಿನ ಅಂಚಿನಲ್ಲಿ ಬೆಳ್ಳಗೆ, ಸಣ್ಣಗೆ ನೊರೆ ಕಟ್ಟಿತು.

"ಸೋಪು," ಎಂದಳು. "ಹೊಸ ಪೈಪು ಹಾಕಿದಾಗ ಗಾಳಿ ತುಂಬಿ, ಒಂದೊಂದು ಜೋಡಣೆಗೂ ಸೋಪಿನ ನೀರು ಹಚ್ಚಿ ನೋಡ್ತಿದ್ವಿ. ಮೂವತ್ತು ವರ್ಷ ಅದೇ ಗುಳ್ಳೆ ನೋಡಿದೀನಿ. ಬರೀ ನೀರಿನ ಗುಳ್ಳೆ ಕಣ್ಣು ಮಿಟುಕಿಸೋದ್ರಲ್ಲಿ ಒಡೆದುಹೋಗುತ್ತೆ. ನಿಮ್ಮದು ಹನ್ನೆರಡು ಎಣಿಸಿದ್ರೂ ಒಡೀಲಿಲ್ಲ. ಅಲ್ಲಿ ನಿಂತ ಎಲ್ಲರೂ ಅದನ್ನ ನೋಡಿದ್ರು. ನೀರು ಬಂತಲ್ಲ ಅನ್ನೋ ಗಾಬರೀಲಿ ಗುಳ್ಳೆ ಹೇಗಿದೆ ಅಂತ ಯಾರೂ ನೋಡಲಿಲ್ಲ. ಗರಿಯ ತುದಿಗೆ ಸೋಪು ಹಚ್ಚಿ, ಮೇಲಿನಿಂದ ಆ ತೂತಿನವರೆಗೆ ಒಂದು ಗೆರೆ ಎಳೆದ್ರೆ ಸಾಕು. ಎಣ್ಣೆ ಇರೋ ಕಡೆ ನಿಲ್ಲದ ನೀರು ಆ ಗೆರೆ ಹಿಡ್ಕೊಂಡು ಸೀದಾ ತೂತಿಗೇ ಬರುತ್ತೆ."

"ಯಾರು... ಯಾರು ಹಾಗೆ ಮಾಡ್ತಾರೆ?"

"ಅದನ್ನ ನೀವೇ ಹೇಳಿದಿರಿ. ಪೆಟ್ಟಿಗೆ ಯಾವಾಗಲೂ ನಿಮ್ಮ ಹತ್ತಿರ. ಮನೇಲಿ ಒಬ್ಬರೇ. ಬೇರೆ ಯಾರೂ ಮುಟ್ಟಲ್ಲ." ಅಕ್ಕ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಸೋಪು ಹಚ್ಚಿದವರು ನೀವೇ."

ವಾದಕಿ ದಿಢೀರನೆ ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. "ನನ್ನ ವಾದ್ಯಾನ ನಾನೇ ಹಾಳು ಮಾಡ್ಕೊಳ್ತೀನಾ? ಹುಚ್ಚಾ ನನಗೆ? ಅಷ್ಟು ಜನದ ಎದುರಿಗೆ ಮರ್ಯಾದೆ ಹೋಗಿದ್ದು ನನ್ನದು!"

"ಅವತ್ತು ಸೋಪು ಇರಲಿಲ್ಲ," ಎಂದಳು ಅಕ್ಕ. ದನಿ ಏರಿಸದೆ ತಮ್ಮನ ಕಡೆ ತಿರುಗಿದಳು. "ಅವತ್ತು ನೀರೂ ಇರಲಿಲ್ಲ. ಏನೋ, ನೀನೇ ಹೇಳು ಈಗ. ನಿನ್ನೆ ಬಾಯಿಗೆ ಬಂದಿದ್ದು."

 ಮೇಸ್ತ್ರಿ ವಾದಕಿಯ ಮುಖ ನೋಡಲಾಗದೆ ಓಬೋವನ್ನೇ ನೋಡುತ್ತಾ ಹೇಳಿದ. "ಆ ಸೂಜಿತೂತು ಮೇಲಿನ ಸ್ವರಗಳಿಗೆ ಮಾತ್ರ ತೆರೆಯೋದು. ಅವತ್ತು ಒಡೆದದ್ದು ಕೆಳಗಿನ ಸ್ವರ. ಅದನ್ನ ಊದುವಾಗ ಆ ತೂತಿನ ಮುಚ್ಚಳ ಮುಚ್ಚೇ ಇರುತ್ತೆ. ಅಲ್ಲಿ ನೀರಿದ್ರೂ ಒಂದೇ, ಇಲ್ಲದಿದ್ರೂ ಒಂದೇ. ಆ ಸ್ವರ ಒಡೀಬೇಕಾದ್ರೆ ಎಡಗೈ ಮೂರನೇ ತೂತು ಸರಿಯಾಗಿ ಮುಚ್ಚಿರಬಾರದು. ಉಂಗುರ ಬೆರಳಿನದು. ಏಳು ತಿಂಗಳಿಂದ ನೀವು ಸರಿಯಿಲ್ಲ ಅಂತ ತರ್ತಿದ್ರಲ್ಲ, ಅದೇ ಕಡ್ಡಿ."

 ಕೆಳಗೆ ರಸ್ತೆಯಲ್ಲಿ ಯಾರೋ ಗಾಡಿಯ ಗಂಟೆ ಬಾರಿಸಿಕೊಂಡು ಹೋದರು.

ಅಕ್ಕ ಓಬೋವನ್ನು ಎರಡೂ ಕೈಯಲ್ಲಿ ಎತ್ತಿ ಅವಳತ್ತ ಚಾಚಿದಳು. "ನಾನು ಹೇಳಿದ್ದು ಸುಳ್ಳಾದ್ರೆ ಆ ಸ್ವರ ಒಂದು ಸಲ ಊದಿ. ಒಳಗೆ ನೀರಿಲ್ಲ. ತಪ್ಪು ನನ್ನದು ಅಂತ ನಾಳೆ ಸಮಿತಿ ಎದುರಿಗೆ ನಾನೇ ಬಂದು ಹೇಳ್ತೀನಿ."

ವಾದಕಿ ತೆಗೆದುಕೊಂಡಳು. ತುಟಿಗೆ ತಂದಳು. ಬೆರಳುಗಳು ತಮ್ಮ ತಮ್ಮ ಜಾಗ ಹುಡುಕಿ ಕೂತವು—ಒಂದನ್ನು ಬಿಟ್ಟು. ಉಂಗುರ ಬೆರಳು ತೂತಿನ ಮೇಲೆ ಒಂದು ಕ್ಷಣ ನಿಂತು, ತನ್ನಷ್ಟಕ್ಕೆ ಒಳಕ್ಕೆ ಮಡಚಿಕೊಳ್ಳತೊಡಗಿತು. ಅವಳು ಊದಲಿಲ್ಲ. ಓಬೋವನ್ನು ಮೇಜಿನ ಮೇಲಿಟ್ಟು, ಬಿದ್ದಿದ್ದ ಕುರ್ಚಿಯನ್ನು ತಾನೇ ಎತ್ತಿ ನಿಲ್ಲಿಸಿ, ಕೂತಳು.

"ಗುಂಡಿ ಹಾಕ್ತೀನಿ," ಎಂದಳು. "ತರಕಾರಿ ಹೆಚ್ತೀನಿ. ಬರೀತೀನಿ. ಎಲ್ಲಕ್ಕೂ ಈ ಬೆರಳು ಸರಿಯಾಗೇ ಇದೆ. ಓಬೋ ಮುಟ್ಟಿದ್ರೆ ಮಾತ್ರ ನನ್ನ ಮಾತು ಕೇಳಲ್ಲ. ಮೊದಮೊದಲು ಸ್ಪ್ರಿಂಗ್ ಅಂದ್ಕೊಂಡೆ. ನಿಜವಾಗಲೂ ಅಂದ್ಕೊಂಡಿದ್ದೆ, ಮೇಸ್ತ್ರಿಗಳೇ. ಡಾಕ್ಟರು ನೋಡಿ, ಇದು ಕೈಯದಲ್ಲ, ತಲೆಯಿಂದ ಕೈಗೆ ಹೋಗೋ ಆಜ್ಞೇದು ಅಂದ್ರು. ಕೆಲವರಿಗೆ ವಾಪಸ್ಸು ಬರುತ್ತಂತೆ. ಕೆಲವರಿಗೆ ಇಲ್ಲವಂತೆ."

"ಯಾರಿಗೂ ಹೇಳಲಿಲ್ಲ?"

"ಹೇಳಿದ್ರೆ ಮಾರನೇ ದಿನ ಆ ಕುರ್ಚೀಲಿ ಬೇರೆಯವರು. ಅವತ್ತು ವೇದಿಕೆಯಿಂದ ಇಳಿದಾಗ ಎಲ್ಲರೂ ಏನಾಯ್ತು ಏನಾಯ್ತು ಅಂತ ಮುತ್ತಿಕೊಂಡ್ರು. ನೀರು ಕಟ್ಕೊಂಡಿತು ಅಂತ ಬಾಯಿಂದ ಬಂದುಬಿಡ್ತು. ಅಷ್ಟೇ. ಒಂದು ಮಾತು. ಸೋಮವಾರ ನೀವು ದೋಷ ಇಲ್ಲ ಅಂದ್ರಿ. ಹಾಗಾದ್ರೆ ದೋಷ ಎಲ್ಲಿ ಅಂತ ಮ್ಯಾನೇಜರು ಕೇಳಿದ್ರು. ನಾನು..." ಅವಳು ತನ್ನ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡಳು. "ವಾದ್ಯದ ಮೇಲೆ ಹಾಕ್ತಿದೀನಿ ಅಂದ್ಕೊಂಡೆ. ನಿಮ್ಮ ಮೇಲೆ ಅಂತ ಅನ್ನಿಸಲೇ ಇಲ್ಲ. ಅನ್ನಿಸಿದಾಗ ತಡವಾಗಿತ್ತು."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದಳು ಅಕ್ಕ. "ಬುಧವಾರ ನಿಮ್ಮ ಮ್ಯಾನೇಜರು ಇವನ ವಯಸ್ಸಿನ ಮಾತೆತ್ತಿದ್ರಲ್ಲ? ಆಗ ನೀವು ಇಲ್ಲೇ ನಿಂತಿದ್ರಿ."



ಈಗಲಾದರೂ ಮನಸ್ಸು ಹಗುರಾಗಬಹುದು ಎಂದು ಮೇಸ್ತ್ರಿ ಕಾದ. ಆಗಲಿಲ್ಲ. ಬದಲಿಗೆ ಸಿಟ್ಟು ಬಂತು. "ಹದಿಮೂರು ದಿನ ನಾನು ನನ್ನ ಕೈನ ನಂಬಲಿಲ್ಲ," ಎಂದ. "ಅದು ಹೇಗಿರುತ್ತೆ ಅಂತ ಗೊತ್ತಾ ನಿಮಗೆ?"

"ಗೊತ್ತು," ಎಂದಳು ವಾದಕಿ. "ನಾನು ಏಳು ತಿಂಗಳಿಂದ ನಂಬಿಲ್ಲ."



ಅಕ್ಕ ಎದ್ದು ಫೋನನ್ನು ಮೇಜಿನ ನಡುವೆ ತಂದಿಟ್ಟಳು. ಅಷ್ಟೇ.  ವಾದಕಿ ಅದನ್ನು ನೋಡುತ್ತಾ ಕೂತಳು. ಒಮ್ಮೆ ಬಾಗಿಲ ಕಡೆಗೂ ನೋಡಿದಳು. ಕೊನೆಗೆ ನಂಬರು ಒತ್ತಿದಳು.

"ನಾನು," ಎಂದಳು. "ಮೇಸ್ತ್ರಿಗಳ ಅಂಗಡಿಯಿಂದ. ಇಲ್ಲ, ವಾದ್ಯದಲ್ಲಿ ಏನೂ ಇಲ್ಲ. ಮೊದಲಿಂದಲೂ ಇರಲಿಲ್ಲ. ನೀರು ಬರೋ ಹಾಗೆ ಮಾಡಿದ್ದು ನಾನು... ಹೌದು, ನಾನೇ. ಯಾಕೆ ಅಂತ ನಾಳೆ ಸಭೇಲಿ ಎಲ್ಲರ ಎದುರಿಗೂ ಹೇಳ್ತೀನಿ. ಮುಂದಿನ ಕಛೇರೀಲಿ ಮೊದಲ ಓಬೋ ಪಕ್ಕದ ಕುರ್ಚಿಯ ನಮ್ಮ ಹುಡುಗಿ ನುಡಿಸಲಿ. ಅವಳು ನುಡಿಸ್ತಾಳೆ, ನನಗೆ ಗೊತ್ತು." ಆ ಕಡೆಯ ದನಿ ಏರಿದ್ದು ಮೇಸ್ತ್ರಿಗೂ ಕೇಳಿಸಿತು. ಅವಳು ಕಣ್ಣು ಮುಚ್ಚಿ, ಪೂರ್ತಿ ಕೇಳಿಸಿಕೊಂಡು, ಹೂಂ ಎಂದು ಫೋನ್ ಇಟ್ಟಳು.

ಆಮೇಲೆ ಓಬೋ ಬಿಚ್ಚಿ, ಒಂದೊಂದೇ ತುಂಡನ್ನು ಪೆಟ್ಟಿಗೆಯಲ್ಲಿ ಮಲಗಿಸಿದಳು. ಬಾಗಿಲ ಹತ್ತಿರ ಹೋಗಿ ನಿಂತಳು. "ಸಿಟ್ಟು ಮಾಡ್ಕೊಂಡಿದ್ದೀರಾ ಅಂತ ಕೇಳೋಕೂ ನನಗೆ ಮುಖ ಇಲ್ಲ."

"ಮಾಡ್ಕೊಂಡಿದೀನಿ," ಎಂದ ಮೇಸ್ತ್ರಿ. "ಅದು ಅಷ್ಟು ಬೇಗ ಇಳಿಯೋದೂ ಇಲ್ಲ."

ಅವಳು ತಲೆಯಾಡಿಸಿ ಚಿಲಕಕ್ಕೆ ಕೈ ಹಾಕಿದಳು. ಮೇಸ್ತ್ರಿ ಅವಳ ಎಡಗೈಯನ್ನೇ ನೋಡುತ್ತಿದ್ದ. ಅವಳು ಹೋದರೆ ಹೋಗಲಿ ಎಂದು ಮನಸ್ಸು ಹೇಳುತ್ತಿತ್ತು. ಕಣ್ಣು ಮಾತ್ರ, ಅದರ ಪಾಡಿಗೆ ಅದು, ಬೆರಳಿನ ಉದ್ದ ಅಳೆಯುತ್ತಿತ್ತು.

"ಆ ಪೆಟ್ಟಿಗೆ ಇಲ್ಲಿಡಿ," ಎಂದ.

"ಯಾಕೆ?"

"ಮೂರನೇ ತೂತು ತೆರೆದ ತೂತು. ಅದನ್ನ ಬೆರಳಿನ ತುದಿಯಿಂದಲೇ ಮುಚ್ಚಬೇಕು. ಅದರ ಮೇಲೆ ಮುಚ್ಚಳ ಕೂರಿಸಿ, ಕಡ್ಡೀನ ಅಂಗೈ ಕಡೆಗೆ ಸ್ವಲ್ಪ ಬೆಳೆಸಿದ್ರೆ, ಬೆರಳು ಮಡಚಿದ್ರೂ ಗೆಣ್ಣಿನಿಂದ ಒತ್ತಬಹುದೇನೋ. ಆಗುತ್ತೆ ಅಂತ ಹೇಳಲ್ಲ. ನಾನು ಯಾವತ್ತೂ ಮಾಡಿಲ್ಲ."

ಅವಳ ಕಣ್ಣಲ್ಲಿ ನೀರು ತುಂಬಿತು. "ನನಗಾ? ನಾನು ಮಾಡಿದ್ದಕ್ಕೆ—"

"ಅದು ಬೇರೆ, ಇದು ಬೇರೆ," ಎಂದ ಮೇಸ್ತ್ರಿ ಒರಟಾಗಿ. ಡ್ರಾಯರಿನಿಂದ ಅಳತೆಯ ಇಕ್ಕಳ ತೆಗೆದು, ದೀಪವನ್ನು ಹತ್ತಿರಕ್ಕೆ ಎಳೆದುಕೊಂಡ. "ಕೂತ್ಕೊಳ್ಳಿ. ಓಬೋ ಹಿಡಿದ ಹಾಗೆ ಹಿಡೀರಿ. ಬೆರಳನ್ನ ಬಿಗಿಹಿಡೀಬೇಡಿ. ಅದು ಎಲ್ಲಿಗೆ ಹೋಗುತ್ತೋ ಹೋಗಲಿ, ಬಿಡಿ."

ಅವಳು ಕೂತಳು. ಕೈ ಎತ್ತಿದಳು. ಏಳು ತಿಂಗಳಲ್ಲಿ ಮೊದಲ ಸಲ, ಇನ್ನೊಬ್ಬರು ನೋಡುತ್ತಿರುವಾಗ, ಆ ಬೆರಳನ್ನು ತಡೆಯಲಿಲ್ಲ. ಅದು ಮೆಲ್ಲಗೆ ಮಡಚಿಕೊಂಡು ಅಂಗೈಗೆ ತಾಗಿತು.

"ಹಾಗೇ ಇರಿ," ಎಂದು ಮೇಸ್ತ್ರಿ ಬಗ್ಗಿ ಅಳತೆ ತೆಗೆಯತೊಡಗಿದ.